22 ಸಾವಿರದ ಬೇಸ್ ಗಿಟಾರೋ, 1.6 ಲಕ್ಷದ್ದೋ? ನನ್ನ ಅನುಭವ

ಹಗಲು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಸಂಜೆ ಹಾಡಿನ ತಂಡದ ಜೊತೆ ಬೇಸ್ ಗಿಟಾರ್, ಅಂದರೆ ತಗ್ಗಿನ ದಪ್ಪ ಸ್ವರಗಳ ಗಿಟಾರ್ ನುಡಿಸುತ್ತೇನೆ. ಗಣಪತಿ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ರಸಮಂಜರಿ ಕಾರ್ಯಕ್ರಮಗಳ ಸುಗ್ಗಿ. ಮೂಡಿಗೆರೆ, ಬೇಲೂರು, ತರೀಕೆರೆ, ಕಡೂರು ಅಂತ ಸುತ್ತುತ್ತಲೇ ಇರುತ್ತೇವೆ.

ಮೊದಲು ನುಡಿಸುತ್ತಿದ್ದುದು ಸ್ನೇಹಿತನ ಹಳೇ ಗಿಟಾರ್. ಅದರ ನೆಕ್ (ಎಡಗೈ ಓಡಾಡುವ ಉದ್ದನೆಯ ಮರದ ಕುತ್ತಿಗೆ) ಬುಡದಲ್ಲಿ ಬಿರುಕು ಬಿಟ್ಟಾಗ ಹೊಸದು ಕೊಳ್ಳಲೇಬೇಕಾಯಿತು. ಆಗಷ್ಟೇ ಚೀಟಿ ಎತ್ತಿದ ದುಡ್ಡು ಕೈಯಲ್ಲಿತ್ತು. ಉಳಿತಾಯವನ್ನೂ ಸೇರಿಸಿದರೆ 1.6 ಲಕ್ಷದ ಗಿಟಾರೇ ಬರುತ್ತಿತ್ತು. ವರ್ಷಗಳಿಂದ ಇದ್ದ ಆಸೆ ಅದು.

“ತಗೊಂಡ್ರೆ ಒಳ್ಳೇದೇ ತಗೋ ಮಾರಾಯ, ಪದೇಪದೇ ತಗೊಳ್ಳೋ ವಸ್ತು ಅಲ್ಲ” ಅಂದರು ತಂಡ ನಡೆಸುವ ಅಣ್ಣ. ಹೆಂಡತಿ ಕೇಳಿದ್ದು ಒಂದೇ ಮಾತು: “ರೀ, ಅಷ್ಟು ದುಡ್ಡು ಜಾಸ್ತಿ ಕೊಟ್ರೆ ಸ್ಟೇಜ್ ಕೆಳಗೆ ಕೂತೋರಿಗೆ ಏನು ಜಾಸ್ತಿ ಕೇಳುತ್ತೆ?” ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಭಾನುವಾರ ಬೆಳಗಿನ ಜಾವದ ಬಸ್ ಹತ್ತಿ ಬೆಂಗಳೂರಿಗೆ ಹೋದೆ.

ಅಂಗಡಿಯಲ್ಲಿ ಎರಡು ಗಿಟಾರ್ ಪಕ್ಕಪಕ್ಕ ಇಡಿಸಿಕೊಂಡೆ. ಒಂದು 22,000 ರೂಪಾಯಿಯ ಪ್ರಿಸಿಷನ್ ಮಾದರಿ, ಇನ್ನೊಂದು 1.6 ಲಕ್ಷದ ಜಾಝ್ ಮಾದರಿ. ಈ ಎರಡೂ ಹೆಸರು ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ ಕಂಪನಿಯಿಂದ ಬಂದವು. ಪ್ರಿಸಿಷನ್ ಬೇಸ್ ಬಂದದ್ದು 1951ರಲ್ಲಿ, ಜಾಝ್ ಬೇಸ್ 1960ರಲ್ಲಿ. ಈಗ ಬೇರೆಬೇರೆ ಕಂಪನಿಗಳು ಅದೇ ದಾರಿಯಲ್ಲಿ ಮಾಡುತ್ತವೆ. ನೆಕ್ ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಗಿಟಾರಿನ ಒಡಲ ಮೇಲಿನ ಬ್ರಿಡ್ಜ್‌ವರೆಗೆ ತಂತಿಯ ಉದ್ದ ಎರಡರಲ್ಲೂ ಅದೇ 34 ಇಂಚು. ಎಲ್ಲಕ್ಕಿಂತ ದಪ್ಪದ ‘ಇ’ ತಂತಿಯ ಸ್ವರ ಎರಡರಲ್ಲೂ ಅದೇ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಹಾಗಾದರೆ ಉಳಿದ ದುಡ್ಡು ಹೋಗುವುದು ಎಲ್ಲಿಗೆ?

ಮೊದಲ ಉತ್ತರ ನೆಕ್‌ನಲ್ಲಿ ಸಿಕ್ಕಿತು. ಕಣ್ಣು ಮುಚ್ಚಿಕೊಂಡು ಎಡಗೈಯನ್ನು ನೆಕ್‌ನ ಅಂಚಿನ ಮೇಲೆ ಮೇಲಿಂದ ಕೆಳಗೆ ಜಾರಿಸಿದೆ. ದುಬಾರಿಯದ್ದು ವರ್ಷಗಟ್ಟಲೆ ಕಾಲಾಡಿ ಸವೆದ ಮನೆ ಹೊಸ್ತಿಲಿನಷ್ಟು ನಯ. ಅಗ್ಗದ್ದರಲ್ಲಿ ನಾಲ್ಕೈದು ಕಡೆ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ತುದಿ ಬೆರಳಿಗೆ ಚುಚ್ಚಿತು. ಟ್ಯೂನಿಂಗ್ ಕೀ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗುತ್ತಿತ್ತು. ಒಂದು ಬಿಗಿಯಾಗಿ, ಹೇಳಿದ ಹಾಗೆ ಕೇಳುತ್ತಿತ್ತು. ಇನ್ನೊಂದರಲ್ಲಿ ಸ್ವಲ್ಪ ಸಡಿಲ. ಇದು ನಿಜವಾದ ವ್ಯತ್ಯಾಸ, ಇದನ್ನು ಮರೆಮಾಚುವ ಹಾಗಿಲ್ಲ.

ಆದರೆ ಒಂದೊಂದೇ ಫ್ರೆಟ್ ಒತ್ತಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿದಾಗ ಬೇರೆಯದೇ ಕಂಡಿತು. ದುಬಾರಿಯ ಗಿಟಾರಿನ ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿಯ 6ನೇ ಫ್ರೆಟ್‌ನಲ್ಲಿ ಸ್ವರ ಬೇಗ ಸತ್ತುಹೋಯಿತು. ಇದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. ಆ ಸ್ವರಕ್ಕೆ ನೆಕ್ಕೇ ಕಂಪಿಸಿ ತಂತಿಯ ಶಕ್ತಿಯನ್ನು ನುಂಗಿಬಿಡುತ್ತದೆ. ಈ ಬಗೆಯ ಗಿಟಾರ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಇದು ಸಾಮಾನ್ಯ, ಬೆಲೆ ಎಷ್ಟೇ ಇರಲಿ. 22 ಸಾವಿರದ್ದರಲ್ಲೂ ಇತ್ತು, ಆದರೆ ಅಷ್ಟು ಜೋರಾಗಿ ಇರಲಿಲ್ಲ.

ನಿರ್ಧಾರ ಮಾಡಿಸಿದ್ದು ಮಾತ್ರ ಗುಂಯ್ ಅನ್ನುವ ಸದ್ದು. ತಂತಿಯ ಕಂಪನವನ್ನು ಕರೆಂಟಾಗಿಸುವ ಅಯಸ್ಕಾಂತದ ಭಾಗಕ್ಕೆ ಪಿಕಪ್ ಅನ್ನುತ್ತಾರೆ. ಜಾಝ್ ಮಾದರಿಯಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್. ಎರಡರ ವಾಲ್ಯೂಮೂ ಪೂರ್ತಿ ಇದ್ದಾಗ ನಿಶ್ಶಬ್ದ. ಒಂದನ್ನು ಇಳಿಸಿದ ಕೂಡಲೇ ಸ್ಪೀಕರಿನಲ್ಲಿ ದುಂಬಿ ಹೊಕ್ಕ ಹಾಗಾಯಿತು. “ಸಿಂಗಲ್ ಕಾಯಿಲ್ ಅಣ್ಣ, ಅದು ಹಾಗೇ” ಅಂದ ಅಂಗಡಿ ಹುಡುಗ. ಅವನು ಹೇಳಿದ್ದು ಸರಿ. ಸುತ್ತಲಿನ ಕರೆಂಟಿನ 50 ಹರ್ಟ್ಸ್ ಸದ್ದನ್ನು ಆ ಪಿಕಪ್ ಎಳೆದುಕೊಳ್ಳುತ್ತದೆ. ಪ್ರಿಸಿಷನ್ ಬೇಸ್‌ನ ಪಿಕಪ್ 1957ರಿಂದ ಎರಡು ತುಂಡು. ಎರಡಕ್ಕೂ ತಾಮ್ರದ ತಂತಿ ಸುತ್ತಿರುವುದು ಒಂದಕ್ಕೊಂದು ಉಲ್ಟಾ, ಅಯಸ್ಕಾಂತವೂ ಉಲ್ಟಾ. ಹಾಗಾಗಿ ಹೊರಗಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ, ಸ್ವರ ಉಳಿಯುತ್ತದೆ. ಈ ಅನುಕೂಲ ಅಗ್ಗದ ಪ್ರಿಸಿಷನ್ ಮಾದರಿಯಲ್ಲೂ ಇದ್ದೇ ಇರುತ್ತದೆ.

ನಮ್ಮ ಸ್ಟೇಜ್‌ಗಳನ್ನು ನೆನೆಸಿಕೊಂಡೆ. ಹಿಂದೆ ಜನರೇಟರ್, ತಲೆ ಮೇಲೆ ಸೀರಿಯಲ್ ಸೆಟ್ಟು, ಪಕ್ಕದಲ್ಲಿ ಲೈಟಿನವರ ಡಿಮ್ಮರ್. ಎಷ್ಟೋ ಕಡೆ ಅರ್ಥಿಂಗೇ ಇರುವುದಿಲ್ಲ. ಅಲ್ಲಿ ಗುಂಯ್ ಅನ್ನದ ಗಿಟಾರ್ ಬೇಕು ನನಗೆ.

ಇಲ್ಲಿ ನನ್ನ ಲೆಕ್ಕದಲ್ಲೂ ಒಂದು ತಪ್ಪಿತ್ತು. ನಾನು ಹೋಲಿಸುತ್ತಿದ್ದುದು ಎರಡು ಬೆಲೆಯನ್ನಲ್ಲ, ಎರಡು ಜಾತಿಯನ್ನು. ಹಾಗಾಗಿ ಅದೇ ದುಬಾರಿ ಬೆಲೆಯ ಪ್ರಿಸಿಷನ್ ಮಾದರಿಯನ್ನೂ ಕೇಳಿ ತೆಗೆಸಿ ನುಡಿಸಿದೆ. ಅದೂ ನಿಶ್ಶಬ್ದ, ನೆಕ್ ಅಷ್ಟೇ ನಯ, ಸ್ವರಗಳೆಲ್ಲ ಒಂದೇ ತೂಕದಲ್ಲಿ ಬಂದವು. ಬಹಳ ಚೆಂದದ ಗಿಟಾರ್. ಆದರೆ ಈಗ ವ್ಯತ್ಯಾಸ ಉಳಿದದ್ದು ನನ್ನ ಕೈಗೆ ಸಿಗುವ ಸುಖದಲ್ಲಿ. ಸ್ಟೇಜ್ ಕೆಳಗೆ ಕೂತವರಿಗೆ ಅದು ಹೆಚ್ಚು ತಲುಪುವುದಿಲ್ಲ. 9 ವೋಲ್ಟ್ ಬ್ಯಾಟರಿ ಹಾಕುವ ಆ್ಯಕ್ಟಿವ್ ಗಿಟಾರ್‌ಗಳನ್ನು ನೋಡಲೇ ಇಲ್ಲ. ಕೇಬಲ್ ಚುಚ್ಚಿಟ್ಟು ಮರೆತರೆ ಬ್ಯಾಟರಿ ಖಾಲಿಯಾಗುತ್ತದೆ. ರಾತ್ರಿ ಹತ್ತು ಗಂಟೆಗೆ ಹಳ್ಳಿಯಲ್ಲಿ ಆ ಬ್ಯಾಟರಿ ಎಲ್ಲಿ ಹುಡುಕೋದು?

ಇನ್ನೊಂದು ವಿಷಯ, ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ. ಮನೆಯಲ್ಲಿದ್ದುದು 15 ವ್ಯಾಟ್, 8 ಇಂಚು ಸ್ಪೀಕರಿನದು. ಅಷ್ಟು ಚಿಕ್ಕ ಪೆಟ್ಟಿಗೆಯಿಂದ 41 ಹರ್ಟ್ಸ್ ಸರಿಯಾಗಿ ಹೊರಗೆ ಬರುವುದೇ ಇಲ್ಲ. ನಮಗೆ ಕೇಳುವುದು ಅದರ ಮೇಲಿನ ಸ್ವರಗಳು, ಕೆಳಗಿನದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. 1.6 ಲಕ್ಷದ ಗಿಟಾರನ್ನು ಅದಕ್ಕೆ ಚುಚ್ಚಿ ಏನು ಪ್ರಯೋಜನ, ಅಲ್ವಾ?

22,000ದ್ದನ್ನೇ ತಗೊಂಡೆ. ಹಳೇದೊಂದು 100 ವ್ಯಾಟ್, 15 ಇಂಚಿನ ಬೇಸ್ ಆಂಪ್ ಕೊಂಡೆ. ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ಗೆ ನೇರ ಕೊಡಲು ಒಂದು ಡಿಐ ಬಾಕ್ಸ್, 45-105 ಅಳತೆಯ ಒಂದು ಸೆಟ್ ನಿಕ್ಕಲ್ ತಂತಿ. ಎಲ್ಲಾ ಸೇರಿ 58,000 ಆಯಿತು. ಮಿಕ್ಕಿದ ದುಡ್ಡು ಬ್ಯಾಂಕಿನಲ್ಲೇ ಉಳಿಯಿತು. “ಕೆಳಗೆ ಕೂತೋರಿಗೆ ಕೇಳೋದು ಆಂಪು, ತಂತಿ, ಕೈ” ಅಂತ ಹೆಂಡತಿಗೆ ಬಂದು ಹೇಳಿದೆ.

ಅಗ್ಗದ ಗಿಟಾರನ್ನು ಡಬ್ಬಿಯಿಂದ ತೆಗೆದು ಹಾಗೇ ನುಡಿಸಬಾರದು. ನನ್ನದರಲ್ಲಿ 1ನೇ ಫ್ರೆಟ್ ಒತ್ತಲು ಬೆರಳು ನೋಯುತ್ತಿತ್ತು. ಕಾರಣ, ನಟ್‌ನಲ್ಲಿ ತಂತಿ ಕೂರುವ ಗೀರು ಮೇಲಿತ್ತು. 3ನೇ ಫ್ರೆಟ್ ಒತ್ತಿ ಹಿಡಿದರೆ 1ನೇ ಫ್ರೆಟ್ ಮೇಲೆ ತಂತಿ ಕೂದಲೆಳೆಯಷ್ಟೇ ಎತ್ತರದಲ್ಲಿರಬೇಕು. ಸಣ್ಣ ಅರದಿಂದ ಎರಡೆರಡು ಸಲ ಎಳೆದು, ನೋಡಿ, ಮತ್ತೆ ಎಳೆದೆ. ಇದರಲ್ಲಿ ಅವಸರ ಮಾಡಿದರೆ ನಟ್ ಹೋಯಿತು ಅಂತಲೇ ಲೆಕ್ಕ. 12ನೇ ಫ್ರೆಟ್ ಮೇಲೆ ಇ ತಂತಿಯನ್ನು ಸುಮಾರು 2 ಮಿಲಿಮೀಟರ್ ಎತ್ತರಕ್ಕೆ ಇಳಿಸಿದೆ. ಅಷ್ಟರಲ್ಲೇ ಬೇರೆ ಗಿಟಾರ್ ಹಿಡಿದ ಹಾಗಾಯಿತು.

ಆಮೇಲೆ ಬಂತು ಮಳೆಗಾಲ. ಕ್ಯೂರಿಂಗ್‌ನಲ್ಲಿ ನಾವು ಪಾರ್ಚ್‌ಮೆಂಟಿನ (ಒಳಸಿಪ್ಪೆ ಇರುವ ಕಾಫಿ ಬೀಜದ) ಮಾಯಿಶ್ಚರ್ ನೋಡದೆ ಮೂಟೆ ಒಳಗೆ ತಗೊಳ್ಳುವುದಿಲ್ಲ. ಮರವೂ ಹಾಗೇ, ಗಾಳಿಯಲ್ಲಿರುವ ನೀರನ್ನು ಕುಡಿಯುತ್ತದೆ, ಬಿಡುತ್ತದೆ. ಜುಲೈನಲ್ಲಿ ನನ್ನ ನೆಕ್ ಮುಂದಕ್ಕೆ ಬಾಗಿ ತಂತಿ ಮೇಲೆದ್ದಿತು. ಎಲ್ಲಾ ನೆಕ್ ಒಂದೇ ಕಡೆ ಬಾಗುತ್ತದೆ ಅಂತಿಲ್ಲ, ನೋಡಿಯೇ ತಿಳಿಯಬೇಕು. 1ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೇ ಫ್ರೆಟ್ ಒತ್ತಿ, 8ನೇ ಫ್ರೆಟ್ ಹತ್ತಿರ ತಂತಿ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸುತ್ತೇನೆ. ಕಾರ್ಡು ಮೆತ್ತಗೆ ಉಜ್ಜಿಕೊಂಡು ಹೋದರೆ ಸರಿ. ಆ ದಿನ ಎರಡು ಕಾರ್ಡು ಸಲೀಸಾಗಿ ಹೋದವು. ನೆಕ್ ಒಳಗೆ ಬಾಗು ಸರಿಮಾಡಲೆಂದೇ ಇರುವ ಸರಳು, ಟ್ರಸ್ ರಾಡನ್ನು ಅಲೆನ್ ಕೀಯಿಂದ ಬಲಕ್ಕೆ ಕಾಲು ಸುತ್ತು ತಿರುಗಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ನೋಡಿದರೆ ಸರಿಯಾಗಿತ್ತು. ಮೂಡಿಗೆರೆಯ ಮಳೆಯಲ್ಲಿ ನುಡಿಸಿ ವಾರದೊಳಗೆ ಕಡೂರಿನ ಒಣ ಗಾಳಿಗೆ ಹೋದರೂ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ದುಬಾರಿ ಗಿಟಾರ್‌ಗಳಲ್ಲಿ ಕೆಲವಕ್ಕೆ ನೆಕ್ ಒಳಗೆ ಗ್ರಾಫೈಟ್ ಸರಳು ಇರುತ್ತದೆ, ಅವು ಕಡಿಮೆ ಬಾಗುತ್ತವೆ. ಆದರೂ ಮಲೆನಾಡಿನಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಅಲೆನ್ ಕೀ ತಪ್ಪಿದ್ದಲ್ಲ.

ಫೆಬ್ರುವರಿಯಲ್ಲಿ ಮರ ಒಣಗಿ ಫ್ರೆಟ್ ತುದಿಗಳು ಇನ್ನಷ್ಟು ಹೊರಗೆ ಬಂದವು. ಆಗ ಅಂಗಡಿಯಲ್ಲಿ ಮುಟ್ಟಿದ್ದ ಆ ನಯವಾದ ಅಂಚು ನೆನಪಾಯಿತು. ನೆಕ್ ಮೇಲೆ ಟೇಪ್ ಹಚ್ಚಿ ಫ್ರೆಟ್ ತುದಿಗಳನ್ನು ಅರದಿಂದ ಉಜ್ಜಿದೆ. ನಂತರ ಸ್ಕ್ರೂಡ್ರೈವರಿನ ದುಂಡನೆಯ ಕಂಬಿಯನ್ನು ಓರೆಯಾಗಿ ಹಿಡಿದು, ಎರಡೆರಡು ಫ್ರೆಟ್ ನಡುವಿನ ಮರದ ಅಂಚನ್ನು ಒತ್ತಿ ತೀಡಿದೆ. ಫ್ರೆಟ್ ಕೂರಿಸಿರುವ ಆ ರೋಸ್‌ವುಡ್ ಮರಕ್ಕೆ ವಾರ್ನಿಷ್ ಇರದ ಕಾರಣ ಅಂಚು ಒತ್ತಿಗೆ ಬಗ್ಗಿ ದುಂಡಗಾಗುತ್ತದೆ. ಮೂರು ಸಂಜೆ ಹಿಡಿಯಿತು. ಆ ದುಬಾರಿ ನೆಕ್‌ನಷ್ಟು ಆಗಲಿಲ್ಲ. ಆದರೆ ಕಣ್ಣು ಮುಚ್ಚಿ ಕೈ ಜಾರಿಸಿದರೆ ಈಗ ಎಲ್ಲೂ ಚುಚ್ಚುವುದಿಲ್ಲ.