ಐವತ್ತು ದಾಟಿದ ಮೇಲೆ ಕೆಲಸ ಹೋಗಿ, ಕೈಗೆ ಎರಡು ಆಫರ್ ಬಂದರೆ

ಕೆಲಸ ಹೋದಾಗ ನನಗೆ 54 ವರ್ಷ. ಇಪ್ಪತ್ತು ನಿಮಿಷದ ಮೀಟಿಂಗ್. ಹದಿನೈದು ನಿಮಿಷ ಎಚ್‌ಆರ್‌ನವರು ಒಂದು ಕಾಗದ ನೋಡಿಕೊಂಡು ಓದಿದರು, ಉಳಿದ ಐದು ನಿಮಿಷ ಲ್ಯಾಪ್‌ಟಾಪ್ ಎಲ್ಲಿ ವಾಪಸ್ ಕೊಡಬೇಕು ಅನ್ನೋ ಮಾತು. ಆಮೇಲೆ ಏಳು ತಿಂಗಳು ಏನೂ ಇಲ್ಲ. ಎಂಟನೇ ತಿಂಗಳಲ್ಲಿ ಒಂದೇ ವಾರಕ್ಕೆ ಎರಡು ಆಫರ್ ಬಂದವು. ಖುಷಿಪಡಬೇಕಿತ್ತು ಅಲ್ವಾ? ಆದರೆ ಖಾಲಿ ಕೂತಿದ್ದ ಏಳು ತಿಂಗಳಲ್ಲಿ ಕೆಡದಷ್ಟು ನಿದ್ದೆ ಆ ಐದು ದಿನದಲ್ಲಿ ಕೆಟ್ಟಿತು.

ಕಾರಣ ಸುಲಭ. ಮೂವತ್ತರಲ್ಲಿ ತಪ್ಪು ಕೆಲಸ ಆರಿಸಿಕೊಂಡರೆ ಎರಡು ವರ್ಷ ಬಿಟ್ಟು ಬೇರೆ ಕಡೆ ಹಾರಬಹುದು. ಈ ವಯಸ್ಸಿನಲ್ಲಿ ಮತ್ತೆ ಹುಡುಕಲು ಹೊರಟರೆ ಎಷ್ಟು ತಿಂಗಳು ಹಿಡಿಯುತ್ತದೆ ಅಂತ ನಮಗೆ ಈಗಷ್ಟೇ ಗೊತ್ತಾಗಿರುತ್ತದೆ. ಹಾಗಾಗಿ ಎರಡರಲ್ಲಿ ಯಾವುದು ದೊಡ್ಡದು ಅಂತ ನೋಡಬೇಡಿ. ಯಾವುದು ಬಾಳಿಕೆ ಬರುತ್ತದೆ, ಮುಗಿಯುವಾಗ ಹೇಗೆ ಮುಗಿಯುತ್ತದೆ ಅಂತ ನೋಡಿ. ನಾನು ಹೇಳುವುದೆಲ್ಲ ಇದರ ಸುತ್ತಲೇ.

ಮೊದಲು ಸಿಟ್ಟು ಇಳಿಯಲಿ

ಲೇಆಫ್ ಆದವರು ಆಫರ್ ನೋಡುವಾಗ ಎರಡು ರೀತಿ ಎಡವುತ್ತಾರೆ. ಒಂದು, "ನನ್ನನ್ನು ಬೇಡ ಅಂದರಲ್ಲ, ತೋರಿಸ್ತೀನಿ" ಅನ್ನೋ ಹಟ. ಆಗ ಕಣ್ಣು ಸೀದಾ ಹುದ್ದೆಯ ಹೆಸರಿಗೆ ಹೋಗುತ್ತದೆ. ಇನ್ನೊಂದು, ಬೀಸೋ ದೊಣ್ಣೆ ತಪ್ಪಿದರೆ ಸಾಕು ಅಂತ ಮೊದಲು ಬಂದದ್ದಕ್ಕೆ ಆ ಸಂಜೆಯೇ ಸಹಿ ಹಾಕುವುದು. ನಾನು ಮೊದಲನೇ ಜಾತಿ. ಒಂದು ಆಫರ್‌ನಲ್ಲಿ ಹುದ್ದೆ ನನ್ನ ಹಳೆಯದಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. ಅದನ್ನು ಹಳೇ ಆಫೀಸಿನವರಿಗೆ ಹೇಗೆ ತಿಳಿಸೋದು ಅಂತ ಮನಸ್ಸಿನಲ್ಲೇ ಮೆಸೇಜ್ ಬರೆಯುತ್ತಾ ಅರ್ಧ ದಿನ ಕಳೆದೆ. ಕೆಲಸ ಏನು ಅಂತ ಸರಿಯಾಗಿ ಓದಿರಲೇ ಇಲ್ಲ.

ಇದಕ್ಕೆ ನಾನು ಕಂಡುಕೊಂಡ ಪರೀಕ್ಷೆ ಒಂದಿದೆ. ಈ ಕೆಲಸ ಸಿಕ್ಕಿದ್ದನ್ನು ಎರಡು ವರ್ಷ ಯಾರಿಗೂ ಹೇಳುವ ಹಾಗಿಲ್ಲ ಅಂತ ಅಂದುಕೊಳ್ಳಿ. ಆಗಲೂ ಇದೇ ಬೇಕಾ? ನನ್ನ ದೊಡ್ಡ ಹುದ್ದೆ ಈ ಪ್ರಶ್ನೆ ಮುಂದೆ ಒಂದು ನಿಮಿಷವೂ ನಿಲ್ಲಲಿಲ್ಲ.

ಎರಡನೇ ಜಾತಿಯವರು, ಅಂದರೆ ಹೆದರಿದವರು, ಬೇರೆ ಲೆಕ್ಕ ಮಾಡಬೇಕು. ಕೈಯಲ್ಲಿರುವ ದುಡ್ಡನ್ನು ತಿಂಗಳ ಖರ್ಚಿನಿಂದ ಭಾಗಿಸಿ. ನಿವೃತ್ತಿಗೆ ಅಂತ ಇಟ್ಟ ದುಡ್ಡು ಇದರಲ್ಲಿ ಸೇರಬಾರದು. ಎರಡು ಮೂರು ತಿಂಗಳು ಅಂತ ಬಂದರೆ ಗಟ್ಟಿಯಾಗಿರುವುದನ್ನು ಹಿಡಿದುಕೊಳ್ಳಿ, ಮುಜುಗರ ಬೇಡ. ಹತ್ತು ತಿಂಗಳು ಅಂತ ಬಂದರೆ "ಎರಡೂ ಬೇಡ" ಅನ್ನೋದೂ ನಿಮ್ಮ ಮುಂದಿರುವ ಮೂರನೇ ಆಫರ್. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಲೆಕ್ಕ ಹಾಕಿ. ಒಬ್ಬರೇ ಹಾಕಿದರೆ ಖರ್ಚು ಕಮ್ಮಿ ಬರೆಯುತ್ತೀರಿ, ನಾನೂ ಬರೆದಿದ್ದೆ.

ಹಿಂದಿನಿಂದ ಎಣಿಸಿ

ಯಾವ ವಯಸ್ಸಿಗೆ ದುಡಿಯೋದು ನಿಲ್ಲಿಸಬೇಕು ಅಂತಿದ್ದೀರಿ? 62 ಅಂತಿಟ್ಟುಕೊಳ್ಳಿ. ಈಗ 54 ಆದರೆ ಇರುವುದು 8 ವರ್ಷ, 96 ತಿಂಗಳು. ತಿಂಗಳಿಗೆ ಎಷ್ಟು ಬರುತ್ತದೆ ಅನ್ನೋದಕ್ಕಿಂತ ಈ 96ರಲ್ಲಿ ಎಷ್ಟು ತಿಂಗಳು ಬರುತ್ತದೆ ಅನ್ನೋದು ಮುಖ್ಯ.

ಒಂದು ಲೆಕ್ಕ ಹಾಕೋಣ. ನಿಜವಾದ ಮೊತ್ತ ಬೇಡ, ಸುಲಭಕ್ಕೆ ದೊಡ್ಡ ಸಂಬಳವನ್ನು 100 ಅಂತಿಟ್ಟುಕೊಳ್ಳಿ. ಮೊದಲ ಆಫರ್ ತಿಂಗಳಿಗೆ 100, ಆದರೆ ಕಾಂಟ್ರಾಕ್ಟ್. ಎರಡನೆಯದು 80, ಕಾಯಂ. ಕಾಂಟ್ರಾಕ್ಟ್ 18 ತಿಂಗಳಿಗೆ ಮುಗಿದು, ಮುಂದಿನ ಕೆಲಸ ಸಿಗಲು 8 ತಿಂಗಳು ಹಿಡಿಯಿತು ಅಂದುಕೊಳ್ಳಿ. 26 ತಿಂಗಳಲ್ಲಿ ಕೈಗೆ ಬಂದದ್ದು 1800. ಕಾಯಂ ಕೆಲಸದಲ್ಲಿ ಅದೇ 26 ತಿಂಗಳಿಗೆ 2080. ಅಂದರೆ 100ರ ಕೆಲಸ ನಿಜದಲ್ಲಿ 69ರ ಕೆಲಸ. ಎರಡೂ ಸಮ ಆಗಬೇಕಾದರೆ ಖಾಲಿ ಕೂರುವ ಸಮಯ ನಾಲ್ಕೂವರೆ ತಿಂಗಳು ದಾಟಬಾರದು. ಈ ಸಲ ಎಷ್ಟು ತಿಂಗಳು ಹುಡುಕಿದಿರಿ? ಆ ಸಂಖ್ಯೆ ಹಾಕಿ ನೋಡಿ, ಬೇರೆಯವರ ಅನುಭವ ಬೇಡ. ಹಾಗಂತ ಕಾಯಂ ಅನ್ನೋ ಪದವನ್ನೂ ಪೂರ್ತಿ ನಂಬಬೇಡಿ, ನಮ್ಮದೂ ಕಾಯಂ ಕೆಲಸವೇ ಆಗಿತ್ತಲ್ಲ. ಈ ಹುದ್ದೆಗೆ ದುಡ್ಡು ಎಲ್ಲಿಂದ ಬರುತ್ತಿದೆ, ಒಬ್ಬನೇ ಗ್ರಾಹಕನಿಂದಲಾ, ಆ ಗ್ರಾಹಕನ ಜೊತೆಗಿನ ಒಪ್ಪಂದ ಯಾವಾಗ ಮುಗಿಯುತ್ತದೆ ಅಂತ ಇಂಟರ್ವ್ಯೂನಲ್ಲೇ ಕೇಳಿ. ಕೂದಲು ಬೆಳ್ಳಗಾದವರು ಇಂಥದ್ದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅನುಭವಸ್ಥರು ಅಂದುಕೊಳ್ಳುತ್ತಾರೆ.

ಓಡಾಟವನ್ನೂ ಇದಕ್ಕೆ ಸೇರಿಸಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ, ತಿಂಗಳಿಗೆ 22 ದಿನ ಅಂದರೆ 66 ಗಂಟೆ. ದಿನಕ್ಕೆ 8 ಗಂಟೆಯಂತೆ ಎಂಟು ದಿನಕ್ಕೂ ಹೆಚ್ಚಿನ ಕೆಲಸ, ಸಂಬಳವಿಲ್ಲದೆ. ತಿಂಗಳ 176 ಗಂಟೆ ಕೆಲಸಕ್ಕೆ ಈ 66 ಕೂಡಿಸಿದರೆ 100ರ ಆಫರ್ ಗಂಟೆಗೆ 0.41 ಕೊಡುತ್ತದೆ. 80ರ ಕೆಲಸ ಅರ್ಧ ಗಂಟೆ ದೂರದಲ್ಲಿದ್ದರೆ ಗಂಟೆಗೆ 0.40. ಹೆಚ್ಚುಕಮ್ಮಿ ಒಂದೇ! ಸೊಂಟನೋವಿನ ಲೆಕ್ಕ ಬೇರೆ. ಸೋಮವಾರ ಬೆಳಿಗ್ಗೆ, ನಿಜವಾದ ಹೊತ್ತಿಗೇ, ಒಮ್ಮೆ ಹೋಗಿಬನ್ನಿ. ಭಾನುವಾರ ಹೋಗಿ ನೋಡಿ "ಪರವಾಗಿಲ್ಲ, ಹತ್ತಿರವೇ" ಅನ್ನಬೇಡಿ.

ಪತ್ರ ಓದುವುದು

ಆಫರ್ ಲೆಟರ್ ಅನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ, ಮೊಬೈಲ್‌ನಲ್ಲಿ ಬೇಡ. ಒಟ್ಟು ಸಂಬಳ ಅಂತ ದಪ್ಪಕ್ಷರದಲ್ಲಿ ಇರುತ್ತದಲ್ಲ, ಅದರ ಕೆಳಗೆ ವೇರಿಯಬಲ್, ಅಂದರೆ ಬಂದೇ ಬರುತ್ತದೆ ಅನ್ನೋ ಖಾತ್ರಿ ಇಲ್ಲದ ಭಾಗ, ಎಷ್ಟು ಅಂತ ಹುಡುಕಿ. ಹೋಲಿಸುವಾಗ ಅದನ್ನು ಸೊನ್ನೆ ಅಂತಲೇ ಇಟ್ಟುಕೊಳ್ಳಿ. ಬಂದರೆ ಬಂತು. ನನ್ನ ದೊಡ್ಡ ಆಫರ್‌ನಲ್ಲಿ 100ಕ್ಕೆ 30 ವೇರಿಯಬಲ್ ಇತ್ತು, ಅದೂ ಕಂಪನಿಯ ಫಲಿತಾಂಶ ನೋಡಿಕೊಂಡು. ಮೂಗಿಗೆ ತುಪ್ಪ ಸವರಿದ್ದರು ಅಷ್ಟೇ. ಜಾಯಿನಿಂಗ್ ಬೋನಸ್ ಇದ್ದರೆ ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನೋ ಸಾಲು ಸಾಮಾನ್ಯವಾಗಿ ಇರುತ್ತದೆ. "ಬಿಟ್ಟರೆ" ಅಂದರೆ ನಾವು ಬಿಟ್ಟರೆ ಮಾತ್ರವಾ, ಅವರೇ ಕಳಿಸಿದರೂನಾ ಅಂತ ಕೇಳಿ ಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ಮೆಡಿಕಲ್ ಇನ್ಶೂರೆನ್ಸ್ ಕೊಡುವುದಾದರೆ ಯಾವ ದಿನದಿಂದ, ಈಗಾಗಲೇ ಇರುವ ಬಿಪಿ, ಶುಗರ್‌ಗೂ ಆ ದಿನದಿಂದಲೇನಾ, ಗಂಡ ಅಥವಾ ಹೆಂಡತಿಗೂ ಇದೆಯಾ? ಈ ಮೂರು ಪ್ರಶ್ನೆ ಬಿಡಬೇಡಿ. ಪ್ರೊಬೇಷನ್ ಎಷ್ಟು, ಆ ಸಮಯದಲ್ಲಿ ನೋಟಿಸ್ ಎಷ್ಟು ದಿನ ಅಂತಲೂ ನೋಡಿ. ಕೊನೆಯ ವರ್ಷಗಳ ಸಂಬಳದ ಮೇಲೆ ಪಿಂಚಣಿ ಲೆಕ್ಕ ಹಾಕುವ ಯೋಜನೆಯಲ್ಲಿ ನೀವಿದ್ದರೆ ಮಾತ್ರ, ಸಂಬಳ ಇಳಿಸಿಕೊಳ್ಳುವ ಮೊದಲು ಅದರಿಂದ ಎಷ್ಟು ಕಡಿಮೆಯಾಗುತ್ತದೆ ಅಂತ ವಿಚಾರಿಸಿ.

ಒಳಗೆ ಹೋಗುವಾಗಲೇ ಹೊರಗಿನ ಬಾಗಿಲು

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. 1772ರಲ್ಲಿ ಇಂಗ್ಲೆಂಡಿನ ಪಾದ್ರಿ, ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಅವರಿಗೆ ಲಾರ್ಡ್ ಶೆಲ್ಬರ್ನ್ ಅನ್ನೋ ಶ್ರೀಮಂತರಿಂದ ಕೆಲಸದ ಆಫರ್ ಬಂತು. ಇರುವ ಪಾದ್ರಿ ಕೆಲಸ ಬಿಟ್ಟು ಹೋಗಬೇಕಾ ಬೇಡವಾ ಅಂತ ಗೊಂದಲ. ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್‌ಗೆ ಪತ್ರ ಬರೆದು ಕೇಳಿದರು. ಏನು ಮಾಡಬೇಕು ಅಂತ ಹೇಳಲು ನನಗೆ ಪೂರ್ತಿ ವಿವರ ಗೊತ್ತಿಲ್ಲ, ಹೇಗೆ ಯೋಚಿಸಬೇಕು ಅಂತ ಬೇಕಾದರೆ ಹೇಳುತ್ತೇನೆ ಅಂತ ಫ್ರಾಂಕ್ಲಿನ್ ಉತ್ತರ ಬರೆದರು. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗಿ, ಆಮೇಲೆ ಎರಡೂ ಕಡೆ ತೂಕ ಸಮ ಇರುವುದನ್ನು ಹೊಡೆದುಹಾಕುತ್ತಾ ಬರುವುದು. ಉಳಿದದ್ದೇ ಉತ್ತರ.

ಎರಡು ಪಟ್ಟಿಯ ಉಪಾಯ ಎಲ್ಲರಿಗೂ ಗೊತ್ತು. ಮೂರು ನಾಲ್ಕು ದಿನ ಅನ್ನೋದನ್ನು ಮರೆಯುತ್ತಾರೆ. ಭಯ ಒಂದು ದಿನ ಮಾತಾಡುತ್ತದೆ, ಆಸೆ ಇನ್ನೊಂದು ದಿನ. ಒಂದೇ ಸಂಜೆ ಕೂತು ಬರೆದರೆ ಆ ಸಂಜೆ ಯಾವುದು ಜೋರಾಗಿತ್ತೋ ಅದರ ಪಟ್ಟಿಯೇ ಉದ್ದವಾಗುತ್ತದೆ. ನನ್ನ ಹಾಳೆಯಲ್ಲಿ ಮೊದಲ ದಿನ "ದೊಡ್ಡ ಹುದ್ದೆ" ಅಂತ ಎರಡು ಸಲ ಬರೆದಿದ್ದೆ, ಬೇರೆ ಬೇರೆ ಪದ ಬಳಸಿ. ಮೂರನೇ ದಿನ ಕಣ್ಣಿಗೆ ಬಿತ್ತು.

ನನಗೆ ಇನ್ನೂ ಇಷ್ಟವಾದದ್ದು ಪ್ರೀಸ್ಟ್ಲಿ ಒಪ್ಪಿಕೊಂಡ ಷರತ್ತು. ವರ್ಷಕ್ಕೆ 250 ಪೌಂಡ್, ಇರಲು ಮನೆ, ಜೊತೆಗೆ ಮುಂದೆಂದಾದರೂ ಇಬ್ಬರೂ ಬೇರೆಯಾದರೆ ಬದುಕಿರುವವರೆಗೆ ವರ್ಷಕ್ಕೆ 150 ಪೌಂಡ್. 1780ರಲ್ಲಿ ಬೇರೆಯಾದರು. ಆ ದುಡ್ಡು ಬಂತು.

ನಮಗೆ ಯಾರೂ ಬದುಕಿರುವವರೆಗೆ ಕೊಡುವುದಿಲ್ಲ, ಬಿಡಿ. ಆದರೆ ಹಳೇ ಕಂಪನಿಯಲ್ಲಿ ಕೈಗೆ ಬಂದ ಪರಿಹಾರ ಅಷ್ಟು ವರ್ಷದ ಸರ್ವೀಸ್ ಮೇಲೆ ಲೆಕ್ಕ ಹಾಕಿದ್ದು, ಹೊಸ ಕಡೆ ಆ ಲೆಕ್ಕ ಸೊನ್ನೆಯಿಂದ ಶುರು. ಆಮೇಲೆ, ಜನ ಕಮ್ಮಿ ಮಾಡುವಾಗ ಕೊನೆಗೆ ಬಂದವರನ್ನೇ ಮೊದಲು ಕಳಿಸುವ ಪದ್ಧತಿ ಎಷ್ಟೋ ಕಡೆ ಇದೆ. ಅದಕ್ಕೇ ಸಂಬಳದಲ್ಲಿ ಇನ್ನೊಂದು ಐದು ಜಾಸ್ತಿ ಮಾಡಿ ಅಂತ ಎಳೆದಾಡುವ ಬದಲು, "ಮೊದಲ ಎರಡು ವರ್ಷದೊಳಗೆ ನಿಮ್ಮ ಕಡೆಯಿಂದ ಈ ಹುದ್ದೆ ತೆಗೆದರೆ ಮೂರು ತಿಂಗಳ ಸಂಬಳ" ಅಂತ ಒಂದು ಸಾಲು ಸೇರಿಸಲು ಕೇಳಿ. ಸಂಬಳ ಏರಿಸಿದರೆ ಪ್ರತಿ ತಿಂಗಳೂ ಅವರ ಕೈಯಿಂದ ದುಡ್ಡು ಹೋಗುತ್ತದೆ, ಇದು ಬರೀ ಕಾಗದದ ಮೇಲಿನ ಸಾಲು, ಆದ್ದರಿಂದ ಒಪ್ಪುವುದು ಸುಲಭ. ನಾನು ಕೇಳಿದಾಗ ಒಂದು ಕಡೆಯವರು ಯೋಚಿಸಿ ಎರಡು ತಿಂಗಳು ಅಂದರು. ಇನ್ನೊಂದು ಕಡೆಯವರು ನಕ್ಕು, "ಸೇರೋ ಮೊದಲೇ ಬಿಡೋ ಮಾತಾ?" ಅಂದರು. ಆ ನಗು ನನಗೆ ಬೇಕಾದಷ್ಟು ಹೇಳಿತು.

ಹೋಗಿ ಕೂತು ನೋಡಿ

ಕೊನೆಯ ಸುತ್ತಿನ ಮಾತಿಗೆ ಸಂಜೆ ಹೊತ್ತು ಕೇಳಿ, ಮುಕ್ಕಾಲು ಗಂಟೆ ಮೊದಲೇ ಹೋಗಿ ರಿಸೆಪ್ಷನ್‌ನಲ್ಲಿ ಸುಮ್ನೆ ಕೂತುಕೊಳ್ಳಿ. ಜನ ಎಷ್ಟು ಹೊತ್ತಿಗೆ ಹೊರಡುತ್ತಾರೆ, ಹೋಗುವಾಗ ಒಬ್ಬರಿಗೊಬ್ಬರು ಮಾತಾಡುತ್ತಾರಾ, ತಲೆ ಬೆಳ್ಳಗಾದವರು ಒಬ್ಬರಾದರೂ ಕಾಣುತ್ತಾರಾ? ಒಂದು ಆಫೀಸಿನಲ್ಲಿ ನಾನು ಕೂತಿದ್ದಾಗ ಒಬ್ಬರು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದರು. ಫೋನ್ ಬಂತು. ನೋಡಿದರು, ಉಸಿರು ಬಿಟ್ಟರು, ಫೋನ್ ಎತ್ತದೆ ಹಾಗೇ ತಿರುಗಿ ಒಳಗೆ ಹೋದರು. ರಿಸೆಪ್ಷನ್ ಹುಡುಗಿ ತಲೆಯನ್ನೇ ಎತ್ತಲಿಲ್ಲ, ದಿನಾ ನೋಡುವ ದೃಶ್ಯ ಇರಬೇಕು.

ಮ್ಯಾನೇಜರ್ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರಾಗಿರಬಹುದು. ಅದರಲ್ಲಿ ತೊಂದರೆ ಏನಿಲ್ಲ. ಅವರಿಗೆ ನಿಮ್ಮಿಂದ ತೊಂದರೆ ಇದೆಯಾ ಅಂತ ಮಾತ್ರ ನೋಡಿ. "ನಾನು ಸೇರಿದ ಮೂರು ತಿಂಗಳಿಗೆ ನಿಮ್ಮ ಯಾವ ತಲೆನೋವು ಕಮ್ಮಿಯಾಗಿರಬೇಕು?" ಅಂತ ಕೇಳಿ. ಥಟ್ ಅಂತ ಒಂದು ಹೇಳಿದರೆ ನೀವು ಅವರಿಗೆ ನಿಜವಾಗಲೂ ಬೇಕು. ತಡವರಿಸಿದರೆ ಮೇಲಿನವರು ಹೇಳಿದ್ದಾರೆ ಅಂತ ತೆಗೆದುಕೊಳ್ಳುತ್ತಿದ್ದಾರೆ, ಮುಂದಿನ ಸಲ ಕತ್ತರಿ ಬಂದಾಗ ನಿಮ್ಮ ಪರ ಮಾತಾಡಲು ಯಾರೂ ಇರುವುದಿಲ್ಲ. ಇನ್ನೊಂದು ಪ್ರಶ್ನೆ: ಈ ಜಾಗದಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ? ವರ್ಷದೊಳಗೆ ಇಬ್ಬರು ಬಿಟ್ಟು ಹೋಗಿದ್ದರೆ ಸಂಬಳ ಯಾಕೆ ಜಾಸ್ತಿ ಇದೆ ಅಂತ ಗೊತ್ತಾಯಿತಲ್ಲ.

ಸಮಯ ಕೇಳುವುದು, ಬೇಡ ಅನ್ನುವುದು

"ನಾಳೆಯೊಳಗೆ ಹೇಳಿ" ಅಂದರೆ ಹೆದರಬೇಡಿ. ಹೀಗೆ ಬರೆಯಿರಿ: "ಆಫರ್‌ಗೆ ಧನ್ಯವಾದ. ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ. ಷರತ್ತುಗಳನ್ನು ಸರಿಯಾಗಿ ಓದಿ, ಮನೆಯಲ್ಲಿ ಮಾತಾಡಿ, ಬರುವ ಗುರುವಾರ ಸಂಜೆಯೊಳಗೆ ಖಚಿತ ಉತ್ತರ ಕೊಡುತ್ತೇನೆ." ದಿನ ನೀವೇ ಹೇಳಿ, ಆ ದಿನ ತಪ್ಪಿಸಬೇಡಿ. ಇನ್ನೊಂದು ಆಫರ್ ಇದೆ ಅಂತ ಹೇಳಬಹುದು, ಇಲ್ಲದ ಆಫರ್ ಇದೆ ಅಂತ ಹೇಳಬೇಡಿ. ಯಾರಿಂದ, ಎಷ್ಟು ಅಂತ ಮರುಪ್ರಶ್ನೆ ಬಂದರೆ ಮುಖ ಕೆಂಪಾಗುತ್ತದೆ.

ಬಾಯಿಮಾತಿನ ಆಫರ್ ಆಫರ್ ಅಲ್ಲ. ಇವೆರಡಕ್ಕೂ ಮೊದಲು, ಐದನೇ ತಿಂಗಳಲ್ಲಿ, ಒಂದು ಕಡೆಯವರು ಫೋನ್ ಮಾಡಿ "ಆಯ್ತು, ಬನ್ನಿ ಸಾರ್, ಲೆಟರ್ ಈ ವಾರ ಬರುತ್ತೆ" ಅಂದಿದ್ದರು. ನಾನು ನಡೆಯುತ್ತಿದ್ದ ಇನ್ನೊಂದು ಇಂಟರ್ವ್ಯೂ ನಿಲ್ಲಿಸಿಬಿಟ್ಟೆ. ಲೆಟರ್ ಬರಲಿಲ್ಲ. ಎರಡು ವಾರದ ಮೇಲೆ ಬಜೆಟ್ ಇಲ್ಲ ಅಂದರು, ಅದೂ ನಾನೇ ಫೋನ್ ಮಾಡಿದ ಮೇಲೆ. ಆದ್ದರಿಂದ ಒಂದು ಕಡೆ ಎರಡೂ ಪಕ್ಷದ ಸಹಿ ಬಿದ್ದು, ಸೇರುವ ದಿನಾಂಕ ಬರಹದಲ್ಲಿ ಬರುವವರೆಗೆ ಇನ್ನೊಂದು ಕಡೆಗೆ ಬೇಡ ಅನ್ನಬೇಡಿ.

ಬೇಡ ಅನ್ನುವಾಗ ಮಾತ್ರ ತಡ ಮಾಡದೆ, ಮೇಲ್ ಕಳಿಸುವ ಮೊದಲು ಫೋನ್ ಮಾಡಿ ಹೇಳಿ. ಕಾರಣ ಒಂದೇ ಸಾಲು ಸಾಕು. ನಾನು 80ರದ್ದು ತೆಗೆದುಕೊಂಡೆ, ಎರಡು ತಿಂಗಳ ಆ ಸಾಲಿನ ಜೊತೆ. ದೊಡ್ಡ ಹುದ್ದೆಯವರಿಗೆ ಫೋನ್ ಮಾಡಿ "ಓಡಾಟ ನನ್ನ ಕೈಲಾಗಲ್ಲ" ಅಂದೆ. ಅದು ಸುಳ್ಳೇನೂ ಅಲ್ಲ. ಅವರ ನಂಬರ್ ಇನ್ನೂ ಇಟ್ಟುಕೊಂಡಿದ್ದೇನೆ. ರೆಸ್ಯೂಮೆ ಕೂಡ ಪ್ರೊಬೇಷನ್ ಮುಗಿಯುವವರೆಗೆ ಎಲ್ಲಿಂದಲೂ ತೆಗೆಯಲಿಲ್ಲ.