ನೈಟ್ ಡ್ಯೂಟಿಯ ನಡುವೆ ಬರೆದಿಟ್ಟ ಬೆಳಗಿನ ತಾಪಮಾನ

ವಾರ್ಡಿನಲ್ಲಿ ರೋಗಿಗಳ ಟಿಪಿಆರ್ (ತಾಪಮಾನ, ನಾಡಿ, ಉಸಿರಾಟ) ಚಾರ್ಟನ್ನು ಒಂಬತ್ತು ವರ್ಷಗಳಿಂದ ತುಂಬುತ್ತ ಬಂದಿರುವ ನಾನು, ನನ್ನದೇ ದೇಹದ ತಾಪಮಾನವನ್ನು ಬರೆದಿಡಲು ಹೊರಟಾಗ ಮೊದಲ ತಿಂಗಳಲ್ಲೇ ಎಡವಿದೆ. ನನಗಾಗ 31 ವರ್ಷ. ಮಗುವಿಗಾಗಿ ಪ್ರಯತ್ನಿಸತೊಡಗಿ ಹತ್ತು ತಿಂಗಳು ಕಳೆದಿತ್ತು. ಮುಟ್ಟು ಶುರುವಾದ 21ನೆಯ ದಿನ ಮಾಡಿಸಿದ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯಲ್ಲಿ ಮಿಲಿಲೀಟರಿಗೆ 1.4 ನ್ಯಾನೊಗ್ರಾಂ ಎಂದು ಕಡಿಮೆ ಬಂದಿದ್ದರಿಂದ, ಅಂಡ ಬಿಡುಗಡೆಯೇ ಆಗುತ್ತಿಲ್ಲವೇನೋ ಎಂಬ ಅನುಮಾನ ಹುಟ್ಟಿತ್ತು. ಮಾತ್ರೆ ಶುರುಮಾಡುವ ಮೊದಲು ಕೆಲವು ತಿಂಗಳು ನಾನೇ ನೋಡಿಕೊಳ್ಳುತ್ತೇನೆಂದು ವೈದ್ಯರ ಒಪ್ಪಿಗೆ ಪಡೆದು, ದಶಮಾಂಶದ ನಂತರ ಎರಡು ಅಂಕಿ ತೋರಿಸುವ ಥರ್ಮಾಮೀಟರೊಂದನ್ನು ತರಿಸಿಕೊಂಡೆ.

ವಿಧಾನ ಸರಳವಾದುದು. ಅಂಡ ಹೊರಬಿದ್ದ ಮೇಲೆ ಅಂಡಾಶಯದಲ್ಲಿ ಉಳಿಯುವ, ಅಂಡವಿದ್ದ ಪುಟ್ಟ ಚೀಲದಿಂದ ಪ್ರೊಜೆಸ್ಟರಾನ್ ಸ್ರವಿಸುತ್ತದೆ, ಅದು ವಿಶ್ರಾಂತ ದೇಹದ ತಾಪಮಾನವನ್ನು ಅರ್ಧ ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಏರಿಸಿ, ಮುಂದಿನ ಮುಟ್ಟಿನವರೆಗೂ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲಿಸುತ್ತದೆ. ಇಷ್ಟು ಸಣ್ಣ ಏರಿಕೆಯನ್ನು ಹಿಡಿಯಬೇಕಾದರೆ ಕನಿಷ್ಠ ಮೂರು ಗಂಟೆ ಒಂದೇ ಸಮನೆ ನಿದ್ರಿಸಿ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಹಾಸಿಗೆಯಿಂದ ಏಳುವ ಮುನ್ನ, ನೀರು ಕುಡಿಯದೆ ಅಳೆಯಬೇಕು. ತೊಡಕಿದ್ದದ್ದು ಈ ನಿದ್ರೆಯಲ್ಲಿಯೇ. ತಿಂಗಳಲ್ಲಿ ಒಂದು ವಾರ ನನಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ. ಉಳಿದ ವಾರಗಳಲ್ಲಿ, ಸಕ್ಕರೆ ಕಾಯಿಲೆಯೂ ಮಂಡಿನೋವೂ ಇರುವ ಅತ್ತೆಯವರನ್ನು ರಾತ್ರಿ ಎರಡು ಮೂರು ಸಲ ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕಿತ್ತು.

ಮೊದಲ ತಿಂಗಳ ಗೆರೆ ಮಲೆನಾಡಿನ ರಸ್ತೆಯಂತಿತ್ತು: ಒಂದು ದಿನ 97.22, ಮರುದಿನ 98.06, ಅದರ ಮರುದಿನ 97.41. ಎದ್ದುಕಾಣುವ ಅಂಕಿಗಳನ್ನು "ಇದು ನಿದ್ರೆ ಕೆಟ್ಟ ದಿನದ್ದು" ಎಂದುಕೊಂಡು ಅಳಿಸುತ್ತ ಹೋದೆ. ಹೀಗೆ ಅಳಿಸಿ ಅಳಿಸಿ ಕೊನೆಗೆ ಸೊಗಸಾದ ಏರಿಕೆಯೊಂದು ಮೂಡಿಯೇಬಿಟ್ಟಿತು. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ರೋಗಿಯ ಚಾರ್ಟಿನಲ್ಲಿ ಇಂಥದ್ದನ್ನು ಮಾಡಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಎರಡನೆಯ ತಿಂಗಳಿಂದ ಕ್ರಮವನ್ನು ಬದಲಿಸಿದೆ. ಥರ್ಮಾಮೀಟರನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು, ನಾಲಿಗೆಯಡಿ ಇರಿಸಿ, ಬೀಪ್ ಎಂದ ಕೂಡಲೇ ಅಂಕಿ ನೋಡದೆ ಬೋರಲಾಗಿಸಿ ಇಡುತ್ತಿದ್ದೆ. ಮೊದಲು ಪುಸ್ತಕದಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಷ್ಟು ಸಲ ಎದ್ದೆ, ನೆಗಡಿ ಜ್ವರವಿದೆಯೇ ಎಂಬುದನ್ನು ಬರೆದು, ಆ ದಿನದ ಅಳತೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದೆ. ಆಮೇಲೆಯೇ ಗುಂಡಿಯೊತ್ತಿ, ಯಂತ್ರದ ನೆನಪಿನಲ್ಲಿ ಉಳಿದಿದ್ದ ಅಂಕಿಯನ್ನು ನೋಡುತ್ತಿದ್ದೆ. ಮೂರು ಗಂಟೆಗಿಂತ ಕಡಿಮೆ ನಿದ್ರೆಯಾದ ದಿನ ಕೆಂಪು ಚುಕ್ಕಿ, ಅದನ್ನು ಗೆರೆಗೆ ಸೇರಿಸುವಂತಿಲ್ಲ, ಅಳಿಸುವಂತೆಯೂ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಎಲ್ಲ ಇರುವುದರಿಂದ ಇದಕ್ಕೆ ಬೇರೆಯದೇ ಗ್ರಾಫ್ ಪುಸ್ತಕವಿತ್ತು. ಬಾಯಲ್ಲಿ ಥರ್ಮಾಮೀಟರ್ ಕಂಡ ಅತ್ತೆಯವರು ಒಂದೆರಡು ಸಲ "ಜ್ವರವೇನಮ್ಮ?" ಎಂದು ಕೇಳಿದರು, ಬಾಯಿ ತೆರೆಯಲಾಗದೆ ತಲೆಯಾಡಿಸಿದೆ.

ಆದರೆ ನಿಜವಾದ ಸುಧಾರಣೆ ಬಂದದ್ದು ಪುಸ್ತಕದಿಂದಲ್ಲ. ದೇಹದ ತಾಪಮಾನ ನಸುಕಿನ ಸುಮಾರು ನಾಲ್ಕರ ಹೊತ್ತಿಗೆ ತೀರ ಕೆಳಗಿದ್ದು, ಅಲ್ಲಿಂದ ಮೇಲೇರುತ್ತ ಹೋಗುವುದರಿಂದ, ನಾಲ್ಕೂವರೆಯ ಅಳತೆಯನ್ನೂ ಏಳೂವರೆಯ ಅಳತೆಯನ್ನೂ ಒಂದೇ ಗೆರೆಯಲ್ಲಿ ಕೂಡಿಸಲಾಗದು. ನನಗೆ ಬೇಕಾಗಿದ್ದದ್ದು ಎರಡೂವರೆಯಿಂದ ಐದೂವರೆಯವರೆಗಿನ ಮೂರು ಗಂಟೆ ಮಾತ್ರ. "ರೀ, ಎರಡೂವರೆಯ ನಂತರ ಅಮ್ಮ ಕರೆದರೆ ನೀವೇ ಏಳಬೇಕು" ಎಂದು ಗಂಡನಿಗೆ ಹೇಳಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ಅವರು ಒಪ್ಪಲು ಅರ್ಧ ನಿಮಿಷವೂ ಆಗಲಿಲ್ಲ. ಮಗ ಕೈಹಿಡಿದು ಕರೆದೊಯ್ಯುವುದಕ್ಕೆ ಅತ್ತೆಯವರು ಮೊದಲ ವಾರ ಸಂಕೋಚಪಟ್ಟರು, ಆಮೇಲೆ ಅದೇ ರೂಢಿಯಾಯಿತು. ಆ ತಿಂಗಳಿನಿಂದ ಕೆಂಪು ಚುಕ್ಕಿಗಳು ಅರ್ಧಕ್ಕಿಳಿದವು.

ನೈಟ್ ಡ್ಯೂಟಿಯ ವಾರಕ್ಕೆ ಮಾತ್ರ ಪರಿಹಾರ ಸಿಗಲಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಮಲಗಿ ಮಧ್ಯಾಹ್ನ ಒಂದೂವರೆಗೆ ಎದ್ದು ಅಳೆದರೆ, ಅಂಡ ಬಿಡುಗಡೆಗೆ ಬಹಳ ಮುಂಚೆಯೇ 97.9ರ ಮೇಲೆ ಬರುತ್ತಿತ್ತು. ಆ ವಾರದ ಏಳು ದಿನಗಳನ್ನೂ, ಹಗಲಿನ ಪಾಳಿಗೆ ಮರಳಿದ ಮೊದಲೆರಡು ದಿನಗಳನ್ನೂ ಕೆಂಪಿನಲ್ಲೇ ಬರೆದು ಹೊರಗಿಟ್ಟೆ. ಅಂಡ ಬಿಡುಗಡೆಯಾಗಿದೆ ಎನ್ನಬೇಕಾದರೆ ಹಿಂದಿನ ಆರು ಸರಿಯಾದ ಅಳತೆಗಳಿಗಿಂತ ಸತತ ಮೂರು ಅಳತೆಗಳು ಮೇಲಿದ್ದು, ಮೂರನೆಯದು ಆ ಆರರಲ್ಲಿ ಅತಿ ಹೆಚ್ಚಿನದಕ್ಕಿಂತ ಸುಮಾರು 0.4 ಡಿಗ್ರಿಯಾದರೂ ಹೆಚ್ಚಿರಬೇಕೆಂಬ ನಿಯಮವನ್ನು ಅನುಸರಿಸಿದ ಆರು ಮುಟ್ಟಿನ ಚಕ್ರಗಳಲ್ಲಿ ಎರಡರ ಏರಿಕೆ ಈ ಕೆಂಪು ದಿನಗಳ ಒಳಗೇ ಕಳೆದುಹೋಯಿತು. ಅವುಗಳ ಕೆಳಗೆ "ತಿಳಿಯಲಿಲ್ಲ" ಎಂದು ಬರೆದೆ. ಅಷ್ಟು ಬರೆಯುವುದಕ್ಕೂ ಮನಸ್ಸು ಗಟ್ಟಿಮಾಡಿಕೊಳ್ಳಬೇಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಾಪಮಾನ ಏರಿದ್ದು ಗೊತ್ತಾಗುವ ಹೊತ್ತಿಗೆ ಅಂಡದ ಆಯುಷ್ಯ ಮುಗಿದಿರುತ್ತದೆ, ಏಕೆಂದರೆ ಅದು ಬದುಕುವುದು ಒಂದು ದಿನದೊಳಗೆ. ಗರ್ಭ ನಿಲ್ಲುವ ಸಾಧ್ಯತೆಯಿರುವುದು ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ. ಆ ದಿನಗಳ ಮುನ್ಸೂಚನೆಯನ್ನು ನನಗೆ ಕೊಟ್ಟದ್ದು ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುವ ಸ್ರಾವ. ಅದಕ್ಕೆ ನಿದ್ರೆಯ ಹಂಗಿಲ್ಲ. ನೈಟ್ ಡ್ಯೂಟಿಯ ವಾರಗಳಲ್ಲಿ ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಅಂಡ ಬಿಡುಗಡೆಗೆ ತುಸು ಮುನ್ನ ಏರುವ ಹಾರ್ಮೋನನ್ನು ಗುರುತಿಸುವ ಎಲ್‌ಎಚ್ ಪಟ್ಟಿಯಿಂದ ಮೂತ್ರವನ್ನೂ ಪರೀಕ್ಷಿಸಿಕೊಂಡೆ.

ಓದಲು ಬಂದ ನಾಲ್ಕು ಚಕ್ರಗಳಲ್ಲೂ ಏರಿಕೆ ಕಂಡದ್ದು 20 ಅಥವಾ 21ನೆಯ ದಿನ, ಮುಟ್ಟು ಬಂದದ್ದು 33 ಅಥವಾ 34ನೆಯ ದಿನ. 21ನೆಯ ದಿನದ ರಕ್ತಪರೀಕ್ಷೆ 28 ದಿನಗಳ ಚಕ್ರವಿರುವವರಿಗೆ ಹೊಂದುವಂಥದ್ದು. ನನ್ನಲ್ಲಿ ಪ್ರೊಜೆಸ್ಟರಾನ್ ಇನ್ನೂ ಏರತೊಡಗಿದ್ದಾಗಲೇ ರಕ್ತ ತೆಗೆದಿದ್ದರು. ಪುಸ್ತಕ ನೋಡಿದ ವೈದ್ಯರು ಮುಂದಿನ ಚಕ್ರದಲ್ಲಿ 27ನೆಯ ದಿನ ಪರೀಕ್ಷೆ ಬರೆದುಕೊಟ್ಟರು. 12.8 ಬಂತು, ಅಂಡ ಬಿಡುಗಡೆಯಾಗಿದೆ ಎನ್ನಲು 3ರ ಮೇಲಿದ್ದರೆ ಸಾಕು. ಅಂದೇ ಅವರು ಗಂಡನ ವೀರ್ಯ ಪರೀಕ್ಷೆಯನ್ನೂ ಬರೆದರು. ಮೊದಲ ದಿನವೇ ಆಗಬೇಕಾಗಿದ್ದ ಪರೀಕ್ಷೆ ಅದು, ನರ್ಸಾಗಿದ್ದೂ ನಾನು ಕೇಳಿರಲಿಲ್ಲ. ಅದರಲ್ಲಿ ವೀರ್ಯಾಣುಗಳ ಚಲನೆ ಕಡಿಮೆಯೆಂದು ಬಂತು. ಈಗ ಚಿಕಿತ್ಸೆ ನಡೆದಿರುವುದು ಅವರಿಗೆ. ಎರಡೂವರೆಯ ನಂತರ ಅತ್ತೆಯವರ ಕರೆಗೆ ಏಳುವವರೂ ಇನ್ನೂ ಅವರೇ.