ಮೈಕಿನ ಕೆಳಗಿನಿಂದ ಕ್ಯಾಮೆರಾ ಮುಂದಕ್ಕೆ

ನಾನು ಗದಗಿನವನು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಆ ಕಂಪನಿಯ ಕಾಲ ನಾನು ಕಾಣಲಿಲ್ಲ, ಆದ್ರೆ ಅಜ್ಜನ ಬಾಯಲ್ಲಿ ಅದರ ಸುದ್ದಿ ಕೇಳಿ ಕೇಳಿಯೇ ನನಗೆ ನಾಟಕದ ಹುಚ್ಚು ಹತ್ತಿದ್ದು. ಹದಿನೇಳಕ್ಕೆ ಬೇರೊಂದು ನಾಟಕ ಕಂಪನಿ ಸೇರಿದೆ. ನಾಯಕನ ಪಾರ್ಟು ಸಿಗಲಿಲ್ಲ, ನಾನೂ ಕೇಳಲಿಲ್ಲ. ಗೌಡ, ಕುಲಕರ್ಣಿ, ಹುಡುಗಿಯ ಅಪ್ಪ. ಇಪ್ಪತ್ತೆರಡಕ್ಕೇ ಕೂದಲಿಗೆ ಬಿಳಿ ಬಳಿದುಕೊಂಡು ಮುದುಕನಾದೆ.

ಬಾದಾಮಿ ಬನಶಂಕರಿ ಜಾತ್ರೆಯೇ ನನ್ನ ಸಾಲಿ. ಸಾಲಾಗಿ ಕಂಪನಿಗಳು, ರಾತ್ರಿ ಒಂದಾದ ಮೇಲೆ ಒಂದು ಆಟ, ಪಕ್ಕದವರ ಹಾಡು ತಗಡು ದಾಟಿ ನಮ್ಮ ಸೀನಿನೊಳಗೇ ಬರುತ್ತಿತ್ತು. ಮೈಕು ಮೇಲಿಂದ ಇಳಿಬಿಟ್ಟಿರುತ್ತಿತ್ತು. ನಾನು ದೂರ ನಿಂತು ಮಾತಾಡಿದರೆ ಹಾರ್ಮೋನಿಯಂ ಮಾಸ್ತರರು ಆಮೇಲೆ ಕರೆದು ಹೇಳೋರು, "ತಮ್ಮಾ, ಮೈಕಿನ ಕೆಳಗ ಬಾ. ಹಿಂದ ಕುಂತಾವನೂ ರೊಕ್ಕಾ ಕೊಟ್ಟ ಬಂದಾನ."

ಆ ಮಾತು ಎಷ್ಟು ಮೈಗೆ ಹತ್ತಿತ್ತು ಅಂದ್ರೆ, ಮೊದಲ ಸಿನಿಮಾದಲ್ಲಿ ಸತ್ತ ಮಗನ ಬಗ್ಗೆ ಒಂದೇ ಸಾಲು ಹೇಳುವುದಿತ್ತು, ನಾನು ಎರಡು ಹೆಜ್ಜೆ ಮುಂದೆ ಬಂದು ಕೊನೆಯ ಸಾಲಿನವನಿಗೂ ಕೇಳುವ ಹಾಗೆ ಹೇಳಿಬಿಟ್ಟೆ. ಫೋಕಸ್ ಹೋಯ್ತು. ನಿರ್ದೇಶಕರು ಹತ್ತಿರ ಬಂದು, "ಸರ್, ಪಕ್ಕದಲ್ಲಿ ಕೂತವರಿಗೆ ಮಾತ್ರ ಹೇಳಿ" ಅಂದರು. ಐದನೇ ಟೇಕಿಗೆ ಸರಿಯಾಯ್ತು. ದನಿ ಇಳಿಸೋದು ಸುಲಭ. ಹುಬ್ಬು ಇಳಿಸೋಕೆ ನನಗೆ ಎರಡು ವರ್ಷ ಬೇಕಾಯ್ತು.

ಇನ್ನೊಂದು ಪೆಟ್ಟು ಟವೆಲ್‌ನಿಂದ. ದೂರದ ಶಾಟಿನಲ್ಲಿ ಬಲ ಹೆಗಲ ಟವೆಲ್‌ನಿಂದ ಮುಖ ಒರೆಸಿದ್ದೆ, ಊಟ ಆದ ಮೇಲೆ ಅದನ್ನೇ ಕ್ಲೋಸಪ್ಪಿನಲ್ಲಿ ತೆಗೆಯುವಾಗ ಎಡಕ್ಕಿತ್ತು. ಎರಡೂ ಸೇರಿಸೋಕೆ ಆಗಲ್ಲ ಅಲ್ವಾ, ನನ್ನ ಒಳ್ಳೆಯ ಶಾಟೇ ಹೋಯ್ತು. ಅವತ್ತಿಂದ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇರುತ್ತದೆ. ಯಾವ ಕೈ, ಯಾವ ಮಾತಿಗೆ ಎದ್ದೆ, ಚಹಾ ಎಷ್ಟು ಉಳಿದಿತ್ತು, ಎಲ್ಲ ಬರೆಯುತ್ತೇನೆ.

ಪಾತ್ರ ಹುಡುಕೋಕೆ ಹುಬ್ಬಳ್ಳಿ ಎಪಿಎಂಸಿಗೆ ಹೋಗಿ ಸುಮ್ನೆ ಕೂರುತ್ತೇನೆ. ದಲಾಲರು ಮೆಣಸಿನಕಾಯಿಯನ್ನು ಮುರಿದು ನೋಡುವಾಗ ಕಣ್ಣು ಕಾಯಿಯ ಮೇಲಿರಲ್ಲ, ರೈತನ ಮುಖದ ಮೇಲಿರುತ್ತದೆ. ಅದನ್ನು ಒಂದು ಸಾಹುಕಾರನ ಪಾತ್ರಕ್ಕೆ ಹಾಗೇ ಎತ್ತಿಕೊಂಡೆ. ಮಾತು ಕಡಿಮೆ ಇದ್ದ ಪಾತ್ರ, ಜನ ಜಾಸ್ತಿ ನೆನಪಿಟ್ಟದ್ದೂ ಅದನ್ನೇ.

ಈಗ ಧಾರವಾಡದಲ್ಲಿ ಒಂದು ನಾಟಕದ ತಾಲೀಮು ನಡೆದಿದೆ, ಕಣ್ಣು ಕಾಣದ ಅಜ್ಜನ ಪಾರ್ಟು. ವಾರದಿಂದ ಮನೆಯಲ್ಲಿ ಕಣ್ಣು ಮುಚ್ಚಿಕೊಂಡೇ ಓಡಾಡುತ್ತಿದ್ದೇನೆ. ಮೊದಲು ತಡಕಾಡುತ್ತಿದ್ದೆ. ಅದು ತಪ್ಪು ಅಂತ ನಿನ್ನೆ ಗೊತ್ತಾಯ್ತು. ತನ್ನ ಮನೆಯಲ್ಲಿ ಅಜ್ಜ ತಡಕಾಡಲ್ಲ, ಕೈ ನೇರ ಲೋಟಕ್ಕೇ ಹೋಗುತ್ತದೆ. ಸೊಸೆ ಲೋಟ ಸರಿಸಿಟ್ಟ ದಿನ ಮಾತ್ರ ಆ ಕೈ ಗಾಳಿಯಲ್ಲಿ ನಿಲ್ಲುತ್ತದೆ.